ಟಾಪ್ ಅಂದ್ರೆ ಯಾವ ನಂಬರ್?

ಕೇಳುಗರಿಗೆ ನಮಸ್ಕಾರ.

ದಾವಣಗೆರೆ ಮಂಡಿಪೇಟೆಯಲ್ಲಿ ರೆಡಿಮೇಡ್ ಅಂಗಡಿ ಇಟ್ಟಿರುವ ಗೆಳೆಯರೊಬ್ಬರು ಹೋದ ತಿಂಗಳು ಫೋನ್ ಮಾಡಿದರು. ಮೊದಲ ಸಲ ಹೊರದೇಶದಿಂದ ಹೆಂಗಸರ ಬಟ್ಟೆ ತರಿಸುವವರಿದ್ದರು. ಸ್ಯಾಂಪಲ್ ಬಂದಿತ್ತು. "ಅಣ್ಣಾ, ಬಿಲ್ಲಿನಲ್ಲಿ ಲೇಡೀಸ್ ಟಾಪ್ ಅಂತ ಬರೆದಿದ್ದಾರೆ. ಇದರ ಎಚ್‌ಎಸ್ ಕೋಡ್ ಯಾವುದು?"

ಎಚ್‌ಎಸ್ ಕೋಡ್ ಅಂದರೆ ಸುಂಕದ ಪಟ್ಟಿಯಲ್ಲಿ ಒಂದೊಂದು ಸರಕಿಗೂ ಇರುವ ನಂಬರ್. ನಾನು ಬೆಂಗಳೂರಿನ ಕಸ್ಟಮ್ಸ್ ಬ್ರೋಕರ್ ಆಫೀಸೊಂದರಲ್ಲಿ ಬಹಳ ವರ್ಷ ಬಿಲ್ ಆಫ್ ಎಂಟ್ರಿ, ಅಂದರೆ ಹೊರದೇಶದ ಮಾಲು ಬಿಡಿಸಿಕೊಳ್ಳಲು ಕಸ್ಟಮ್ಸ್‌ಗೆ ಕೊಡುವ ಕಾಗದ, ತುಂಬಿದವನು. "ಟಾಪ್ ಅನ್ನೋ ಹೆಸರಿಗೆ ನಂಬರ್ ಇಲ್ಲ. ಬಟ್ಟೆ ಕೈಗೆ ತಗೊಳ್ಳಿ" ಅಂದೆ.

ಮೊದಲು ನೋಡಬೇಕಾದದ್ದು, ಅದು ನೇಯ್ದದ್ದೋ ಹೆಣೆದದ್ದೋ ಎಂದು. ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಡೆಯ ಕಂಬಳಿ ನೇಯ್ದವು. ಹಾಸು, ಹೊಕ್ಕು ಎರಡೂ ಇರುತ್ತವೆ. ಬನಿಯನ್, ಸ್ವೆಟರ್ ಹಾಗಲ್ಲ. ಕುಣಿಕೆಯೊಳಗೆ ಕುಣಿಕೆ ಸಿಕ್ಕಿಸಿದ್ದು. ಅಂಗಡಿಯಲ್ಲಿ ಹೋಸಿಯರಿ ಅನ್ನುತ್ತೇವಲ್ಲ, ಅದು. ಸುಂಕದ ಪಟ್ಟಿಯಲ್ಲಿ ಹೆಣೆದ ಉಡುಪಿಗೆ 61ನೇ ಅಧ್ಯಾಯ, ನೇಯ್ದದ್ದಕ್ಕೆ 62. ಈ ಪಟ್ಟಿಯ ಮೊದಲ 6 ಅಂಕಿ 1988ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪದ್ಧತಿಯದು. ನಮ್ಮ ದೇಶ ಅದಕ್ಕೆ ಇನ್ನೆರಡು ಸೇರಿಸಿ 8 ಮಾಡಿಕೊಂಡಿದೆ.

ಇನ್ನು ಟಾಪ್. ಗೆಳೆಯರದ್ದು ಹೆಣೆದದ್ದು, ಅಂದರೆ 61ನೇ ಅಧ್ಯಾಯ. ಅದರೊಳಗಿನ ಸಾಲುಗಳಲ್ಲಿ ಅದು 6106ರ ಬ್ಲೌಸ್ ಆಗಬಹುದು, 6109ರ ಟೀ ಶರ್ಟ್ ಆಗಬಹುದು, 6110ರ ಸ್ವೆಟರ್, ಪುಲ್‌ಓವರ್ ಸಾಲಿಗೂ ಹೋಗಬಹುದು. ಸೊಂಟದ ಕೆಳಗೆ ಜೇಬಿದ್ದರೆ 6106 ಇಲ್ಲ. ಕೆಳ ಅಂಚು ಬಿಗಿಯಾಗಲು ದಾರವೋ ರಿಬ್ ಪಟ್ಟಿಯೋ ಇದ್ದರೆ 6106ಕ್ಕೂ ಸಲ್ಲದು, 6109ಕ್ಕೂ ಸಲ್ಲದು. ಇದರ ಮೇಲೆ ಎಣಿಕೆ ಬೇರೆ! ಕನಿಷ್ಠ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಜಾಗದಲ್ಲಿ ಕುಣಿಕೆ ಎಣಿಸಬೇಕು. ಉದ್ದಕ್ಕೂ ಅಡ್ಡಕ್ಕೂ ಸರಾಸರಿ ಸೆಂಟಿಮೀಟರಿಗೆ 10ಕ್ಕಿಂತ ಕಡಿಮೆ ಬಂದರೆ ಅದು ಬ್ಲೌಸ್ ಅಲ್ಲ.

ಗೆಳೆಯರು ಮಗನ ಸ್ಕೇಲ್ ಇಟ್ಟರು. ಅವರ ಮನೆಯವರು ಸೂಜಿ ಮೊನೆಯಿಂದ ಒಂದೊಂದೇ ಎಣಿಸಿದರು. ಒಂದು ಕಡೆ 83, ಇನ್ನೊಂದು ಕಡೆ 79. ಎರಡೂ 100ರ ಒಳಗೆ. ಉದ್ದ ತೋಳು, ದಪ್ಪ ಹೆಣಿಗೆ. 6110 ಅಂದೆ.

"ಇದು ಹೆಂಗಸರದ್ದು ಅಂತ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗುತ್ತೆ?" ಅಂತ ಕೇಳಿದರು. 6110ರಲ್ಲಿ ಗಂಡು ಹೆಣ್ಣು ಭೇದವಿಲ್ಲ. ಆದರೆ ಶರ್ಟ್, ಜಾಕೆಟ್‌ಗಳಲ್ಲಿ ಇದೆ. ಮುಂಭಾಗದಲ್ಲಿ ಬಲಪಟ್ಟಿ ಎಡದ ಮೇಲೆ ಬಂದರೆ ಹೆಂಗಸರದ್ದು, ಎಡಪಟ್ಟಿ ಬಲದ ಮೇಲೆ ಬಂದರೆ ಗಂಡಸರದ್ದು. ಕಟಿಂಗ್ ನೋಡಿದ ಕೂಡಲೇ ಗೊತ್ತಾಗುವಂತಿದ್ದರೆ ಈ ಲೆಕ್ಕ ಬೇಕಿಲ್ಲ. ಯಾವುದೂ ಗೊತ್ತಾಗದಿದ್ದರೆ ಹೆಂಗಸರ ಸಾಲಿಗೇ ಸೇರಿಸಬೇಕು. ಇಷ್ಟು ಸಲೀಸಾಗಿ ಹೆಂಗಸರಿಗೆ ಜಾಗ ಬಿಟ್ಟುಕೊಟ್ಟ ಕಾನೂನು ಇದೊಂದೇ ಇರಬೇಕು!

ನೂಲಿನ ವಿಷಯದಲ್ಲಿ ನಾನೇ ಒಮ್ಮೆ ಎಡವಿದ್ದೆ. ಬಿಲ್ಲಿನಲ್ಲಿ ಕಾಟನ್ ಅಂತ ಇತ್ತು, ಹಾಗೇ ತುಂಬಿದೆ. ಪೆಟ್ಟಿಗೆ ಬಿಚ್ಚಿದರೆ ಕಾಲರ್ ಲೇಬಲ್‌ನಲ್ಲಿ ಪಾಲಿಯೆಸ್ಟರ್ 55, ಕಾಟನ್ 45. ತೂಕದಲ್ಲಿ ಯಾವುದು ಜಾಸ್ತಿಯೋ ಅದರ ಸಾಲಿಗೆ ಹೋಗಬೇಕು. ಸಮ ಸಮ ಇದ್ದರೆ ಪಟ್ಟಿಯಲ್ಲಿ ಕೊನೆಗೆ ಬರುವುದು ಗೆಲ್ಲುತ್ತದೆ, ಅಂದರೆ ಪಾಲಿಯೆಸ್ಟರ್ ಎದುರು ಹತ್ತಿ ಸೋಲುತ್ತದೆ. ಹತ್ತಿ ಗಿರಣಿಗಳಿಂದ ಹೆಸರು ಮಾಡಿದ ಊರಿನವನಾಗಿ ಇದು ನನಗೆ ಸ್ವಲ್ಪ ಬೇಜಾರೇ. ಕಾಗದ ತಿದ್ದಿಸುವಷ್ಟರಲ್ಲಿ ಮಾಲು ಗೋದಾಮಿನಲ್ಲೇ ಕೂತಿತ್ತು. ಬಾಡಿಗೆ ಏರಿತು, ಬೈಗುಳ ನನಗೆ ಸಿಕ್ಕಿತು.

ನಂಬರಿಗೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಈ ಅಧ್ಯಾಯದಲ್ಲಿ ಎಷ್ಟೋ ಸಾಲುಗಳಿಗೆ ಸುಂಕ ಎರಡು ಥರ ಇರುತ್ತದೆ. ಬೆಲೆಯ ಮೇಲೆ ಶೇಕಡಾ ಇಷ್ಟು, ಇಲ್ಲವೇ ಪೀಸಿಗೆ ಇಷ್ಟು ರೂಪಾಯಿ, ಯಾವುದು ಜಾಸ್ತಿಯೋ ಅದು. ಸುಮ್ನೆ ಲೆಕ್ಕಕ್ಕೆ ಹೇಳುತ್ತೇನೆ. 100 ರೂಪಾಯಿಯ ಬಟ್ಟೆಗೆ ಶೇಕಡಾ 20 ಅಂದರೆ 20 ರೂಪಾಯಿ. ಪೀಸಿಗೆ 80 ಅಂತ ಇದ್ದರೆ 80 ಕಟ್ಟಬೇಕು. ಅಗ್ಗದ ಮಾಲು ತರುವವರಿಗೆ ಏಟು ಬೀಳುವುದು ಇಲ್ಲೇ.

ನಂಬರಿನ ಬಗ್ಗೆ ಅನುಮಾನವಿದ್ದರೆ ಮಾಲು ತರಿಸುವ ಮೊದಲೇ ಕೇಳಬಹುದು. ಕಸ್ಟಮ್ಸ್‌ನ ಮುಂಗಡ ತೀರ್ಪಿನ ಪ್ರಾಧಿಕಾರ ದೆಹಲಿಯಲ್ಲೂ ಮುಂಬೈಯಲ್ಲೂ ಇದೆ. ನಮ್ಮ ಗೆಳೆಯರು ಅಷ್ಟು ದೂರ ಹೋಗಲಿಲ್ಲ. "ಅಂಗಡಿಯಲ್ಲಿ ಟಾಪ್ ಅಂತಲೇ ಮಾರಬಹುದಲ್ವಾ?" ಅಂತ ಕೇಳಿದರು. ಧಾರಾಳವಾಗಿ ಮಾರಿ ಅಂದೆ.

ನಮಸ್ಕಾರ.