ಮುಖಮಂಟಪದಿಂದ ಗೇಟಿನವರೆಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಕರಾವಳಿಯ ಕ್ಯಾಥೊಲಿಕ್ ಇಗರ್ಜಿಗಳಿಗೆ, ಅಂದರೆ ಚರ್ಚುಗಳಿಗೆ, ಭಾನುವಾರ ಬೆಳಿಗ್ಗೆ ಹೋಗುವವರಿಗೆ ನಾನು ಹೇಳಲಿರುವ ದೃಶ್ಯ ಹೊಸದಲ್ಲ. ಒಳಗೆ ಬೆಂಚುಗಳಲ್ಲಿ ಜಾಗವಿದ್ದರೂ ಕೆಲವು ಗಂಡಸರು ಮುಖಮಂಟಪದಲ್ಲೋ ಬಾಗಿಲ ಬಳಿಯಲ್ಲೋ ನಿಂತೇ ಪೂಜೆ ಮುಗಿಸುತ್ತಾರೆ. ಧರ್ಮಗುರುಗಳು ಪ್ರವಚನಕ್ಕೆ ತೊಡಗಿದೊಡನೆ ಮೆಲ್ಲನೆ ಅಂಗಳಕ್ಕೆ ಇಳಿಯುತ್ತಾರೆ. ನನ್ನ ಬಾಲ್ಯದಲ್ಲೂ ಹೀಗೆ ನಿಲ್ಲುವವರಿದ್ದರು. ಆದರೆ ಈಗ ಅವರ ಮಕ್ಕಳಲ್ಲಿ ಹಲವರು ತಾಯಿಯನ್ನೂ ಹೆಂಡತಿಯನ್ನೂ ಗೇಟಿನ ಬಳಿ ಇಳಿಸಿ, ಪೂಜೆ ಬಿಡುವ ಹೊತ್ತಿಗೆ ಬರುತ್ತೇನೆಂದು ಹೇಳಿ ಹೊರಟುಹೋಗುವುದನ್ನು ನೋಡುತ್ತಿದ್ದೇನೆ. ಒಂದೇ ತಲೆಮಾರಿನಲ್ಲಿ ನಾವು ಮುಖಮಂಟಪದಿಂದ ಗೇಟಿಗೆ ಸರಿದಿದ್ದೇವೆ, ಮತ್ತು ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ.

ಈ ಅಂತರ ನಮ್ಮೂರಿನದು ಮಾತ್ರವಲ್ಲ, ಇಂದಿನದೂ ಅಲ್ಲ. ಭಕ್ತಿವಂತ ಹೆಂಗಸರ ಸಂಖ್ಯೆ ಗಂಡಸರಿಗಿಂತ ಬಹಳ ಹೆಚ್ಚು ಎಂದು ಅಮೆರಿಕದ ಬಾಸ್ಟನ್ ನಗರದ ಪಾದ್ರಿ ಕಾಟನ್ ಮೇಥರ್ 1692ರಲ್ಲಿಯೇ ಬರೆದಿದ್ದರು. ಹಲವು ದೇಶಗಳ ಸಮೀಕ್ಷೆಗಳನ್ನು ಆಧರಿಸಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2016ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ವಾರಕ್ಕೊಮ್ಮೆಯಾದರೂ ಚರ್ಚಿಗೆ ಹೋಗುತ್ತೇವೆಂದ ಕ್ರೈಸ್ತ ಮಹಿಳೆಯರು ಸರಾಸರಿ ಶೇ. 53ರಷ್ಟಿದ್ದರೆ ಪುರುಷರು ಶೇ. 46ರಷ್ಟಿದ್ದಾರೆ. ಮುಸ್ಲಿಮರಲ್ಲಿ ಇದು ತಿರುಗುಮುರುಗು. ಶುಕ್ರವಾರದ ಸಾಮೂಹಿಕ ನಮಾಜು ಅಲ್ಲಿ ಗಂಡಸರ ಹೆಗಲ ಮೇಲಿರುವ ಕರ್ತವ್ಯ. ಆದ್ದರಿಂದ ಗಂಡಸಿಗೆ ಹುಟ್ಟಿನಿಂದಲೇ ದೇವರ ಗೊಡವೆ ಕಡಿಮೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಭಾನುವಾರದ ಪೂಜೆ ನಮ್ಮಲ್ಲೂ ಎಲ್ಲರಿಗೂ ಕಡ್ಡಾಯವೇ. ಆದರೆ ಎಲ್ಲರಿಗೂ ಹೇಳಿದ ಕರ್ತವ್ಯ ತನಗೇ ಹೇಳಿದ್ದೆಂದು ನಮ್ಮ ಗಂಡಸಿಗೆ ಅನ್ನಿಸುತ್ತಿಲ್ಲ.

ಇನ್ನು ಕೆಲವರು, ಚರ್ಚಿನಲ್ಲಿ ಹೆಂಗಸರದೇ ಕಾರುಬಾರಾಗಿದೆ, ಗಂಡಸರು ದೂರವಾಗಲು ಅದೇ ಕಾರಣ ಎನ್ನುತ್ತಾರೆ. ಇದು ಅನ್ಯಾಯದ ಮಾತು. ಬಲಿಪೀಠದಲ್ಲಿ ನಿಲ್ಲುವ ಧರ್ಮಗುರು ಗಂಡಸು, ಬಿಷಪರೂ ಗಂಡಸೇ. ಪೂಜೆಯಲ್ಲಿ ಬೈಬಲ್ ಓದುವ ವಾಚಕ ಮತ್ತು ಬಲಿಪೀಠದ ಬಳಿ ನೆರವಾಗುವ ಪೀಠಸೇವಕ ಎಂಬ ಸೇವಾಪದವಿಗಳನ್ನು ಪೋಪ್ ಫ್ರಾನ್ಸಿಸ್ ಅವರು ಮಹಿಳೆಯರಿಗೆ ವಿಧಿವತ್ತಾಗಿ ತೆರೆದದ್ದೇ 2021ರ ಜನವರಿಯಲ್ಲಿ. ಮಕ್ಕಳಿಗೆ ಧರ್ಮೋಪದೇಶ ಕಲಿಸುವವರು, ರೋಗಿಗಳ ಮನೆಗೆ ಹೋಗಿ ಜಪಮಾಲೆ ಹೇಳುವವರು, ಹಬ್ಬದ ಹಿಂದಿನ ಸಂಜೆ ಇಗರ್ಜಿ ಗುಡಿಸಿ ಹೂವು ಜೋಡಿಸುವವರು ಹೆಚ್ಚಾಗಿ ಹೆಂಗಸರು. ನಾವು ಕೈಬಿಟ್ಟ ಕೆಲಸವನ್ನು ಅವರು ಎತ್ತಿಕೊಂಡಿದ್ದಾರೆ. ಅದಕ್ಕಾಗಿ ಅವರನ್ನು ದೂರುವ ಬಾಯಿ ನಮಗಿರಬಾರದು.

ಹಾಗಾದರೆ ಗಂಡಸರಿಂದ ನಮ್ಮ ಧರ್ಮಕೇಂದ್ರಗಳು ಇಂದು ಏನನ್ನು ಕೇಳುತ್ತವೆ? ನಾನು ಕಂಡಂತೆ ಹಣ, ಮತ್ತು ಕಟ್ಟಡ ಸಮಿತಿಯ ಸಭೆಗಳಲ್ಲಿ ಹಾಜರಿ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜನಾಂ ಎಂಬ ಇಪ್ಪತ್ತು ವರ್ಷದ ವಿದ್ಯಾರ್ಥಿ ಗೆಳೆಯರೊಡನೆ ಆರಂಭಿಸಿದ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯ ಮೂಲ ನಿಯಮ ಬಹಳ ಸರಳವಾಗಿತ್ತು: ಬಡವರ ಮನೆಗೆ ಸ್ವತಃ ಹೋಗಬೇಕು. ನಮ್ಮಲ್ಲಿಯೂ ಹಿಂದೆ ವಾಳೆಯ (ಇಗರ್ಜಿಗೆ ಸೇರಿದ ಒಂದು ನೆರೆಕೇರಿಯ ಮನೆಗಳ ಗುಂಪಿನ) ಮುಖಂಡರಾದ ಗುರಿಕಾರರೆಂದರೆ ಸಾವಿನ ಸುದ್ದಿ ಬಂದೊಡನೆ ಆ ಮನೆಯ ಅಂಗಳಕ್ಕಿಳಿಯುವ ಮೊದಲ ನೆರೆಯವರು, ಜಗಳವಾಡಿದ ಅಣ್ಣ ತಮ್ಮಂದಿರನ್ನು ಕೂರಿಸಿ ಮಾತನಾಡಿಸುವವರು. ಆ ಕೆಲಸದಲ್ಲಿ ಮೈಯೂ ಮನಸ್ಸೂ ಬೇಕಿತ್ತು. ಸುತ್ತೋಲೆಯನ್ನು ವಾಟ್ಸಾಪ್ ಗುಂಪಿಗೆ ಕಳುಹಿಸುವುದಕ್ಕೆ ಅವೆರಡೂ ಬೇಡ.

ನಮ್ಮೂರಿನ ಮಟ್ಟಿಗೆ ಇನ್ನೊಂದು ಕಾರಣವನ್ನು ಮರೆಯುವಂತಿಲ್ಲ. 1970ರ ದಶಕದಿಂದ ಕುವೈತ್, ಬಹರೈನ್, ದುಬೈ ಎಂದು ಹೋದ ನಮ್ಮ ಗಂಡಸರು ಎಷ್ಟೋ ಮನೆಗಳಲ್ಲಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಬರುವ ಅತಿಥಿಗಳಾದರು. ಮನೆಯ ಸಂಜೆಯ ಜಪಮಾಲೆಯನ್ನೂ ವಾಳೆಯ ಕೂಟವನ್ನೂ ಹೆಂಡತಿಯರು ನಡೆಸಿದರು. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿರುವುದು, ಊರಿನಲ್ಲಿ ಅಂಗಳದಾಚೆ ಬಾರದ ಅದೇ ಗಂಡಸು ಗಲ್ಫಿನಲ್ಲಿ ವಾರದ ರಜೆಯ ದಿನ ಬೇಗನೆ ಎದ್ದು, ಬಸ್ಸು ಹಿಡಿದು, ಕೊಂಕಣಿ ಪೂಜೆಗೆ ಹೋಗಿ ಗಾಯನ ತಂಡದಲ್ಲಿ ಹಾಡುವುದು. ಅಲ್ಲಿ ಅವನು ಒಂಟಿ, ಅಲ್ಲಿ ಅವನಿಗೆ ಗೆಳೆಯರು ಸಿಗುತ್ತಾರೆ, ಅವನು ಬಾರದಿದ್ದರೆ ಯಾರೋ ಫೋನ್ ಮಾಡಿ ವಿಚಾರಿಸುತ್ತಾರೆ. ಊರಿನಲ್ಲಿ ಮೂರು ತಿಂಗಳು ಕಾಣದಿದ್ದರೂ ಅವನನ್ನು ವಿಚಾರಿಸುವವರು ಎಷ್ಟು ಮಂದಿ?

ಇದರ ಪೆಟ್ಟು ಬೀಳುವುದು ಮಕ್ಕಳ ಮೇಲೆ. ಸಮಾಜಶಾಸ್ತ್ರಜ್ಞ ವರ್ನ್ ಬೆಂಗ್ಟ್ಸನ್ ಅವರು ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ದಶಕಗಳ ಕಾಲ ಕುಟುಂಬಗಳ ತಲೆಮಾರುಗಳನ್ನು ಅಧ್ಯಯನ ಮಾಡಿದರು. ನಂಬಿಕೆ ಮಕ್ಕಳಿಗೆ ದಾಟಲು ತಂದೆ ತಾಯಿಯ, ಅದರಲ್ಲೂ ತಂದೆಯ, ಪ್ರೀತಿಯ ಒಡನಾಟ ಬಹಳ ಮುಖ್ಯವೆಂದು ಅವರಿಗೆ ಕಂಡುಬಂತು. ತಂದೆಯ ಭಕ್ತಿಯಷ್ಟೇ ಸಾಲದು, ಮಗ ಅವನ ಮಗ್ಗುಲಲ್ಲಿ ನೆಮ್ಮದಿಯಿಂದ ಕೂರುವಂತಿರಬೇಕು. ಪ್ರಾರ್ಥನೆಗೆ ಬಾ ಎಂದು ಗದರಿಸಿ ತಾನು ಟಿವಿಯ ಮುಂದೆ ಉಳಿಯುವ ತಂದೆಯಿಂದ, ದೊಡ್ಡವನಾದ ಮೇಲೆ ಪ್ರಾರ್ಥನೆ ಬಿಡಬಹುದು ಎಂಬುದನ್ನೇ ಮಗ ಕಲಿಯುತ್ತಾನೆ.

ಸೆಪ್ಟೆಂಬರ್ 8ರ ತೆನೆ ಹಬ್ಬವನ್ನು ನೆನೆಯಿರಿ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ಪಾಯಸಕ್ಕೆ ಬೆರೆಸಿ, ಮನೆಯ ಹಿರಿಯರು ಪ್ರಾರ್ಥನೆ ಮಾಡಿ ಹಂಚುವವರೆಗೂ ಯಾರೂ ಊಟಕ್ಕೆ ಕೈ ಹಾಕುವುದಿಲ್ಲ. ಆ ಒಂದು ದಿನ ನಮ್ಮ ಗಂಡಸರು ಮುಖಮಂಟಪದಲ್ಲಿ ನಿಲ್ಲುವುದಿಲ್ಲ. ದೂರದ ದೇಶದಲ್ಲಿರುವ ತಂದೆಯೂ ಫೋನಿನ ಪರದೆಯಲ್ಲಿ ಕಾಣಿಸಿಕೊಂಡು, ಮಕ್ಕಳ ಹೆಸರು ಹಿಡಿದು, ತನ್ನ ಬಾಯಿಂದಲೇ ಪ್ರಾರ್ಥನೆ ಹೇಳುತ್ತಾನೆ.