ಮೊದಲು ಹಳ್ಳ, ಆಮೇಲೆ ಗುಡ್ಡ

ಕೇಳುಗರಿಗೆ ನಮಸ್ಕಾರ. ರಾಯಚೂರು ಜಿಲ್ಲೆಯ ಮಸ್ಕಿ ಅಂದ ಕೂಡಲೇ ಎಲ್ಲರೂ ಅಶೋಕನ ಶಾಸನ ಅನ್ನುತ್ತೀರಿ. ಸರಿ. ಆದರೆ ಗುಡ್ಡ ಹತ್ತಿ ಶಾಸನ ನೋಡಿದವರಲ್ಲಿ ಎಷ್ಟು ಜನ ಕೆಳಗಿನ ಹಳ್ಳಕ್ಕೆ ಇಳಿದಿದ್ದೀರಿ? ಹಳ್ಳ ಇತ್ತು, ಅದಕ್ಕೇ ಜನ ಇದ್ದರು. ಜನ ಇದ್ದರು, ಅದಕ್ಕೇ ಶಾಸನ ಬಂತು. ಇವತ್ತು ನಾನು ಹೇಳುವುದು ಇಷ್ಟೇ.

ಒಂದು ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಹಳ್ಳದಲ್ಲಿ ಬರೀ ಉಸುಕು. "ನೀರೇ ಇಲ್ಲವಲ್ಲ ಸರ್, ಇಲ್ಲಿ ಯಾರು ಇರ್ತಿದ್ರು?" ಎಂದ ಒಬ್ಬ ಹುಡುಗ. ಅಲ್ಲೇ ಕುರಿ ಮೇಯಿಸುತ್ತಿದ್ದ ಅಜ್ಜಿಗೆ ಅದು ಕೇಳಿಸಿತು. ಅವರು ಸುಮ್ನೆ ಬಂದು ಕುಕ್ಕರಗಾಲಲ್ಲಿ ಕೂತು, ಎರಡೂ ಕೈಯಿಂದ ಉಸುಕು ಬಗೆದರು. ಮೊಣಕೈ ಮುಳುಗುವಷ್ಟು ಬಗೆದ ಮೇಲೆ ತಳದಲ್ಲಿ ನೀರು ಜಿನುಗಿತು. ಮೊದಲು ಬಂದದ್ದು ರಾಡಿ. ಎರಡು ಸಲ ಎತ್ತಿ ಚೆಲ್ಲಿದರು. ಮೂರನೆಯ ಸಲ ತಿಳಿನೀರು. "ವರತಿ ನೀರು, ಕುಡಿಯಪ್ಪ" ಎಂದು ತಂಬಿಗೆ ಹಿಡಿದರು. ಹುಡುಗ ಗಟಗಟ ಕುಡಿದ.

ಬಗೆದ ಉಸುಕಿನಲ್ಲಿ ಬೆರಳುದ್ದದ ಒಂದು ಗಡಿಗೆ ಚೂರಿತ್ತು. ಒಳಗೆ ಕಪ್ಪು, ಹೊರಗೆ ಕೆಂಪು. ಕಬ್ಬಿಣ ಬಳಸಲು ಕಲಿತ ಕಾಲದ ಜನ ಮಾಡುತ್ತಿದ್ದ ಗಡಿಗೆಯ ನಮೂನೆ ಅದು! 1954ರಲ್ಲಿ ಪುರಾತತ್ವಜ್ಞ ಬಿ.ಕೆ. ಥಾಪರ್ ಮಸ್ಕಿಯಲ್ಲಿ ಅಗೆಸಿದಾಗ ಇಂಥವು ಸಿಕ್ಕಿದ್ದವು. ಅದಕ್ಕೂ ಕೆಳಗಿನ ಪದರದಲ್ಲಿ ಕಲ್ಲಿನ ಅಲಗು ಬಳಸಿದವರ ವಸ್ತಿ. ಒಬ್ಬರಾದ ಮೇಲೆ ಒಬ್ಬರು ಇದೇ ದಂಡೆಗೆ ಬಂದರು. ಯಾಕೆ? ಹಳ್ಳ ಇತ್ತು.

ಸಮಯ ಆಗುತ್ತಾ ಬಂತು, ಶಾಸನದ ಮಾತು ಬೇಗ ಹೇಳಿಬಿಡುತ್ತೇನೆ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿ ಎಂಜಿನಿಯರ್ ಅದನ್ನು ಕಂಡರು. 'ದೇವಾನಂಪಿಯ', ಅಂದರೆ ದೇವರಿಗೆ ಪ್ರಿಯನಾದವ, ಎಂಬ ಬಿರುದಿನ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ಅದರಲ್ಲಿ ಅವನ ಹೆಸರೇ ಇದ್ದುದರಿಂದ. ಧರ್ಮದ ಮಾತನ್ನು ಚಿಕ್ಕವರಿಗೂ ದೊಡ್ಡವರಿಗೂ ತಿಳಿಸಬೇಕು ಎನ್ನುತ್ತದೆ ಆ ಶಾಸನ. ಯಾರೂ ಇಲ್ಲದ ಅಡವಿಯಲ್ಲಿ ಇದನ್ನು ಕೊರೆಸುತ್ತಾರಾ? ಕೇಳಲು ಜನ ಬೇಕು, ಜನಕ್ಕೆ ನೀರು ಬೇಕು, ಅಲ್ವಾ?

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವಾಗ ದಯವಿಟ್ಟು ಮಸ್ಕಿಯಲ್ಲಿ ಇಳಿಯಿರಿ. ಮೊದಲು ಹಳ್ಳಕ್ಕೆ ಹೋಗಿ, ಗುಡ್ಡ ಆಮೇಲೆ. ಗಡಿಗೆ ಚೂರು ಕಂಡರೆ ಕೂತು ನೋಡಿ, ಮಕ್ಕಳಿಗೂ ತೋರಿಸಿ. ಜೇಬಿಗೆ ಮಾತ್ರ ಹಾಕಬೇಡಿ. ನಮ್ಮ ಹುಡುಗನೂ ಅದನ್ನು ಅಲ್ಲೇ ಬಿಟ್ಟು ಬಂದ. ನಮಸ್ಕಾರ.