ಬಾಂದಾರ ಬಂತೆಂದರೆ ದೋಣಿ ಇಳಿಯಿರಿ

ಕೇಳುಗರಿಗೆ ನಮಸ್ಕಾರ. ಮಳೆಗಾಲದ ಕೆಂಪು ನೀರು ಇಳಿದು ಕೃಷ್ಣೆ, ಘಟಪ್ರಭೆ, ಮಲಪ್ರಭೆ ತಿಳಿಯಾದರೆ ಸಾಕು, ಬೆಳಗಾವಿ, ಬಾಗಲಕೋಟೆಯ ಯುವಕರಿಗೆ ದೋಣಿಯ ಹುಚ್ಚು ಹತ್ತುತ್ತದೆ. ಒಳ್ಳೆಯ ಹುಚ್ಚು ಅದು. ಸೇತುವೆಯ ಮೇಲೆ ನಿಂತು ನೋಡುವ ನದಿಯೇ ಬೇರೆ, ನೀರಿನ ಮಟ್ಟದಲ್ಲಿ ಕುಳಿತು ಹುಟ್ಟು ಹಾಕುತ್ತಾ ನೋಡುವ ನದಿಯೇ ಬೇರೆ. ಹರಿಗೋಲಿನಲ್ಲಿ ಹೋಗಿ, ಗಾಳಿ ತುಂಬಿದ ಕಯಾಕ್‌ನಲ್ಲಿ ಹೋಗಿ, ಆದರೆ ಒಂದು ಮಾತು ನಡೆಸಿಕೊಡಿ: ಬಾಂದಾರ, ಅಂದರೆ ನೀರು ನಿಲ್ಲಿಸಲು ನದಿಗೆ ಅಡ್ಡಲಾಗಿ ಕಟ್ಟಿದ ಗಿಡ್ಡ ಒಡ್ಡು, ಬರುವ ಮೊದಲೇ ದಡ ಸೇರಿ, ದೋಣಿ ಹೊತ್ತು ನಡೆದು ಅದನ್ನು ದಾಟಿ.

‘ಆಳೆತ್ತರವೂ ಇಲ್ಲವಲ್ಲ ಸರ್’ ಎನ್ನುತ್ತಾರೆ ಹುಡುಗರು. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಗೋಕಾಕ ಜಲಪಾತದ ತುದಿಗೆ ಯಾರೂ ದೋಣಿ ಒಯ್ಯುವುದಿಲ್ಲ. ಅಲ್ಲಿಯ ಅಪಾಯ ದೂರದಿಂದಲೇ ಕಿವಿಗೆ ಬೀಳುತ್ತದೆ. ಗಿಡ್ಡ ಬಾಂದಾರ ಹಾಗಲ್ಲ. ಮೇಲಿನಿಂದ ಬರುವವರಿಗೆ ನೀರಿನ ಮೇಲೊಂದು ನೇರ ಗೆರೆ ಮಾತ್ರ ಕಾಣುತ್ತದೆ. ಗೆರೆಯ ಆಚೆ ಏನಿದೆ ಎಂದು ತಿಳಿಯುವಷ್ಟರಲ್ಲಿ ದೋಣಿ ನಿಮ್ಮ ಮಾತು ಕೇಳುವುದಿಲ್ಲ.

ಆ ಗೆರೆಯ ಆಚೆ ಏನಿದೆ ಎಂಬುದನ್ನು ಘಟಪ್ರಭೆಯ ದಡದ ಒಬ್ಬ ಅಂಬಿಗರ ಅಜ್ಜ ನನ್ನ ವಿದ್ಯಾರ್ಥಿಗಳಿಗೆ ತೋರಿಸಿಕೊಟ್ಟರು. ಬಲೆ ಹೊಲಿಯುತ್ತಾ ಕುಳಿತಿದ್ದರು. ‘ಅಜ್ಜಾ, ಇದರ ಮೇಲಿಂದ ಇಳಿಸಬಹುದೇ?’ ಎಂದು ಹುಡುಗನೊಬ್ಬ ಕೇಳಿದ. ಅಜ್ಜ ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿಗೆ ಬಿರಡೆ ಬಿಗಿದು, ಬಾಂದಾರದ ಮೇಲ್ಬದಿಯ ನೀರಿಗೆ ಎಸೆದರು. ಡಬ್ಬಿ ತೇಲುತ್ತಾ ಬಂತು, ಅಂಚು ದಾಟಿ ಬಿತ್ತು, ಕಾಣೆಯಾಯಿತು. ನಾಲ್ಕು ಮಾರು ಮುಂದೆ ಎದ್ದಿತು. ಹರಿವಿನ ಜೊತೆ ಹೋಗಿಬಿಡುತ್ತದೆ ಎಂದುಕೊಂಡೆವು. ಹೋಗಲಿಲ್ಲ. ನಿಧಾನವಾಗಿ ತಿರುಗಿ, ಹರಿವಿಗೆ ಎದುರಾಗಿ, ಗೋಡೆಯತ್ತಲೇ ಬಂತು. ಬೀಳುವ ನೀರಿನ ಕೆಳಗೆ ಸಿಕ್ಕಿ ಮತ್ತೆ ಮುಳುಗಿತು, ಮತ್ತೆ ಎದ್ದಿತು, ಮತ್ತೆ ಗೋಡೆಗೇ ಬಂತು. ಹುಡುಗರು ಮೊದಲು ನಕ್ಕರು. ನಾವು ಬುತ್ತಿ ಬಿಚ್ಚಿ ರೊಟ್ಟಿ ತಿಂದು ಕೈ ತೊಳೆದರೂ ಡಬ್ಬಿ ಅಲ್ಲೇ ಸುತ್ತುತ್ತಿತ್ತು. ಈಗ ಯಾರೂ ನಗುತ್ತಿರಲಿಲ್ಲ. ತಂದುಕೊಡುತ್ತೇನೆ ಎಂದು ಒಬ್ಬ ಎದ್ದಾಗ ಅಜ್ಜ ಅವನ ಅಂಗಿ ಹಿಡಿದು ಕೂರಿಸಿದರು. ‘ತಮ್ಮಾ, ಡಬ್ಬಿ ಮುಳುಗುವ ವಸ್ತುವಲ್ಲ. ಆದರೂ ಹೊರಗೆ ಬರಲಿಲ್ಲ, ನೋಡಿದೆಯಲ್ಲ?’ ಎಂದರು.

ನಡೆಯುವುದು ಇಷ್ಟೇ. ಅಂಚಿನಿಂದ ಬಿದ್ದ ನೀರು ನೇರವಾಗಿ ತಳಕ್ಕೆ ಹೋಗುತ್ತದೆ, ಸ್ವಲ್ಪ ಮುಂದೆ ಮೇಲೆದ್ದು, ಅದರಲ್ಲಿ ಒಂದು ಪಾಲು ಗೋಡೆಯತ್ತ ಹಿಂದಕ್ಕೆ ಉರುಳುತ್ತದೆ. ಅದರೊಳಗೆ ಸಿಕ್ಕಿದ್ದೂ ಉರುಳುತ್ತಲೇ ಇರುತ್ತದೆ. ನೊರೆಯಲ್ಲಿ ಗಾಳಿ ತುಂಬಿರುವುದರಿಂದ ಆ ನೀರು ಮೈಯನ್ನು ಸರಿಯಾಗಿ ಎತ್ತುವುದಿಲ್ಲ, ಈಜುವ ಕೈಗೆ ಹಿಡಿತವೂ ಸಿಗುವುದಿಲ್ಲ. ಲೈಫ್ ಜಾಕೆಟ್ ತೊಟ್ಟವರನ್ನೂ ಅದು ಬಿಡುವುದಿಲ್ಲ. ಆದ್ದರಿಂದ ಮತ್ತೆ ಹೇಳುತ್ತೇನೆ, ಬಾಂದಾರದ ಮೊದಲೇ ದಡ ಸೇರಿ. ಅದರ ಕೆಳಗೆ ಮಕ್ಕಳನ್ನು ಈಜಲೂ ಬಿಡಬೇಡಿ.

ಕೊಲ್ಹಾಪುರ ಮಾದರಿಯ, ಅಂದರೆ ಕಂಬಗಳ ನಡುವೆ ಹಲಗೆ ಜೋಡಿಸಿ ನೀರು ನಿಲ್ಲಿಸುವ ಬಾಂದಾರಗಳಲ್ಲಿ ಮಳೆಗಾಲಕ್ಕೆ ಮುಂಚೆ ಆ ಹಲಗೆ ತೆಗೆಯುತ್ತಾರೆ. ಆಗ ದಾರಿ ತೆರೆಯಿತೆಂದು ನುಗ್ಗಬೇಡಿ. ಕಂಬಗಳ ನಡುವೆ ಮುಳ್ಳುಕಂಟಿ, ಮರದ ಕೊರಡು ಸಿಕ್ಕಿರುತ್ತವೆ. ದೋಣಿ ಅಡ್ಡವಾದರೆ ನೀರು ಅದನ್ನು ಕಂಬಕ್ಕೆ ಒತ್ತಿ ಹಿಡಿಯುತ್ತದೆ. ಹರಿವಿನ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ, ತೋಳ್ಬಲದ ಮಾತೇ ಅಲ್ಲಿ ಬರುವುದಿಲ್ಲ. ಅಲ್ಲದೆ ಚಿಕ್ಕೋಡಿ, ಅಥಣಿಯಲ್ಲಿ ಬಿಸಿಲಿದ್ದರೂ ಮೇಲೆ ಮಹಾರಾಷ್ಟ್ರದ ಕೊಯ್ನಾ ಕಡೆ ಮಳೆ ಜೋರಾದರೆ ಕೃಷ್ಣೆ ಏರುತ್ತದೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್ ನೀರು. ಸುದ್ದಿಯಲ್ಲಿ ಲಕ್ಷ ಕ್ಯೂಸೆಕ್ ಎಂದು ಕೇಳಿದ ದಿನ ನದಿಯ ಹತ್ತಿರ ಸುಳಿಯಬೇಡಿ.

ಹೇಳುವುದು ಇನ್ನೂ ಇತ್ತು, ಸಮಯ ಉಳಿದಿಲ್ಲ. ಲೈಫ್ ಜಾಕೆಟ್ ದಡದಲ್ಲೇ ತೊಟ್ಟು ಬಕಲ್ ಬಿಗಿಯಿರಿ, ದೋಣಿಯಲ್ಲಿ ದಿಂಬು ಮಾಡಿಕೊಳ್ಳಬೇಡಿ. ಯಾರಾದರೂ ಸುಳಿಗೆ ಸಿಕ್ಕರೆ ನೀವು ಧುಮುಕಬೇಡಿ. ದಡದಿಂದಲೇ ಹಗ್ಗ ಎಸೆಯಿರಿ, 112ಕ್ಕೆ ಕರೆ ಮಾಡಿ. ದೋಣಿ ನೀರಿಗಿಳಿಸುವ ಊರಿನಲ್ಲಿ ಹತ್ತು ನಿಮಿಷ ನಿಂತು, ಕೆಳಗೆ ಎಷ್ಟು ಬಾಂದಾರಗಳಿವೆ, ಯಾವ ದಡದಲ್ಲಿ ಕಾಲುದಾರಿ ಇದೆ ಎಂದು ಅಂಬಿಗರನ್ನೋ ಮೀನುಗಾರರನ್ನೋ ಕೇಳಿ ಬರೆದುಕೊಳ್ಳಿ. ನಮಸ್ಕಾರ.